ಗಂಗೂಬಾಯಿ ಹಾನಗಲ್ ಯಾವ ನಂಬರ್?

ಮಳೆಗಾಲದಲ್ಲಿ ಕೊಡಗಿಗೆ ಬರುವ ಪ್ರವಾಸಿಗರೇ ಬೇರೆ ಥರ. ಅಬ್ಬಿ ಜಲಪಾತ, ರಾಜಾಸೀಟು ಅಂತ ಸುತ್ತುವವರು ಕಡಿಮೆ. ಧ್ಯಾನ, ಮೌನ, ‘ನಿಮ್ಮನ್ನು ನೀವು ಅರಿಯಿರಿ’ ಅಂತ ಬರುವವರು ಜಾಸ್ತಿ. ತೋಟದ ನಡುವೆ ಹೋಂಸ್ಟೇ, ಹೊರಗೆ ಬಿಡದೆ ಸುರಿಯುವ ಮಳೆ, ಫೋನಿಗೆ ಸಿಗ್ನಲ್ ಇಲ್ಲ. ತನ್ನ ಬಗ್ಗೆ ತಾನೇ ಯೋಚಿಸುತ್ತಾ ಕೂರಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಇಂಥ ಶಿಬಿರಗಳ ಜೊತೆ ಎನಿಯಾಗ್ರಾಮ್ ಎಂಬ ಹೆಸರೂ ನಮ್ಮ ಕಡೆ ಕೇಳಿಬರುತ್ತಿದೆ. ಮನುಷ್ಯರ ಸ್ವಭಾವವನ್ನು ಒಂಬತ್ತಾಗಿ ವಿಂಗಡಿಸಿ ಒಬ್ಬೊಬ್ಬರಿಗೂ ಒಂದು ನಂಬರ್ ಹಚ್ಚುವ ವಿದ್ಯೆ ಅದು. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮೂರ ಮಕ್ಕಳಿಗೆ ಇದು ಮೊದಲೇ ಗೊತ್ತು. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮನೆಗೆ ಬಂದವರು ಊಟಕ್ಕೆ ಕೂತಾಗ ‘ಅಜ್ಜಿ ಪಕ್ಕಾ ನಂಬರ್ ಎಂಟು’ ಅನ್ನುತ್ತಾರೆ. ಅದು ಬೈಗುಳವೋ ಹೊಗಳಿಕೆಯೋ ಅಂತ ಅಜ್ಜಿಗೆ ತಿಳಿಯುವುದಿಲ್ಲ.

ಮಡಿಕೇರಿಯಲ್ಲಿ ನಾವೊಂದಷ್ಟು ಜನ ಹಳೆಯ ಹಿಂದುಸ್ತಾನಿ ರೆಕಾರ್ಡಿಂಗ್ ಕೇಳಲು ಆಗಾಗ ಸೇರುತ್ತೇವೆ. ಅಲ್ಲಿಗೂ ಈ ನಂಬರ್ ನುಗ್ಗಿತು. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮಾರ್ವಾ ರಾಗ ಕೇಳಿ ಮುಗಿದಿತ್ತು. ಒಬ್ಬರು ‘ಇವರು ನಾಲ್ಕು, ಅನುಮಾನವೇ ಬೇಡ’ ಅಂದರು. ಇನ್ನೊಬ್ಬರು ‘ಸುಮ್ನಿರಿ, ಎರಡು’ ಅಂದರು. ಮೂರನೆಯವರು ಆರಕ್ಕೆ ಪಟ್ಟು ಹಿಡಿದರು. ಮೂವರ ಹತ್ತಿರವೂ ಗಂಗೂಬಾಯಿಯವರ ಬದುಕಿನಿಂದಲೇ ಎತ್ತಿದ ಪುರಾವೆ ಇತ್ತು. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಈ ಲೆಕ್ಕದಲ್ಲಿ ಏನು ನಡೆಯುತ್ತಿದೆ?

ಮೊದಲು ಚಿತ್ರ ಬರೆಯೋಣ. ಒಂದು ವೃತ್ತ. ಗಡಿಯಾರದಲ್ಲಿ 12 ಇರುವ ಜಾಗದಲ್ಲಿ 9 ಇಡಿ. ಅಲ್ಲಿಂದ ಬಲಕ್ಕೆ ಸಮ ದೂರದಲ್ಲಿ 1ರಿಂದ 8ರವರೆಗೆ ಬರೆಯಿರಿ. ಈಗ 3, 6, 9ನ್ನು ಗೆರೆ ಎಳೆದು ಸೇರಿಸಿದರೆ ತ್ರಿಕೋನ. ಉಳಿದ ಆರು ಅಂಕಿಗಳನ್ನು 1, 4, 2, 8, 5, 7 ಎಂಬ ಕ್ರಮದಲ್ಲಿ ಸೇರಿಸಿ ಮತ್ತೆ 1ಕ್ಕೆ ಬನ್ನಿ. ಎನಿಯಾಗ್ರಾಮ್ ಚಿತ್ರ ಇಷ್ಟೇ. ಈ ವಿಚಿತ್ರ ಕ್ರಮ ಎಲ್ಲಿಂದ ಬಂತು ಅಂತ ಕೇಳಿದರೆ, 1ನ್ನು 7ರಿಂದ ಭಾಗಿಸಿ ನೋಡಿ. 0.142857142857 ಅಂತ ಅದೇ ಆರು ಅಂಕಿಗಳು ಸುತ್ತುತ್ತಲೇ ಇರುತ್ತವೆ. 3, 6, 9 ಅದರಲ್ಲಿ ಬರುವುದೇ ಇಲ್ಲ. ಶಾಲೆಯಲ್ಲಿ ದಶಮಾಂಶ ಕಲಿತ ಯಾರಿಗಾದರೂ ಗೊತ್ತಿರುವ ಸಂಗತಿ ಇದು. ಆದರೆ ಗೂಢ ವಿದ್ಯೆಯವರ ಕೈಗೆ ಸಿಕ್ಕಿದ ಕೂಡಲೇ ಅದಕ್ಕೊಂದು ಪ್ರಭಾವಳಿ ಬಂತು.

ಆ ಕೈ ಗುರ್ಜೀಫ್ ಅವರದ್ದು. ಈಗಿನ ಅರ್ಮೇನಿಯದ ಗ್ಯುಮ್ರಿಯಲ್ಲಿ ಹುಟ್ಟಿ, ರಷ್ಯಾದಲ್ಲಿ ಶಿಷ್ಯರನ್ನು ಕಟ್ಟಿಕೊಂಡು, ಕೊನೆಗೆ ಫ್ರಾನ್ಸಿನಲ್ಲಿ ನೆಲೆಸಿ 1949ರಲ್ಲಿ ತೀರಿಕೊಂಡ ಗುರು. ಒಂಬತ್ತು ಬಿಂದುಗಳ ಈ ಚಿತ್ರವನ್ನು ಅವರು ಶಿಷ್ಯರಿಗೆ ತೋರಿಸಿದ್ದು 1916ರ ಸುಮಾರಿಗೆ. ಒಂದು ತಮಾಷೆ ಏನೆಂದರೆ, ಅವರ ಪಾಠದಲ್ಲಿ ಮನುಷ್ಯರ ಒಂಬತ್ತು ಸ್ವಭಾವಗಳ ಮಾತೇ ಇರಲಿಲ್ಲ. ಜಗತ್ತಿನ ಯಾವುದೇ ಕ್ರಿಯೆ ಹೇಗೆ ಶುರುವಾಗಿ, ಎಲ್ಲಿ ಎಡವಿ, ಹೇಗೆ ಮುಂದುವರಿಯುತ್ತದೆ ಅನ್ನುವುದಕ್ಕೆ ಅದೊಂದು ನಕ್ಷೆಯಾಗಿತ್ತು. ಶಿಷ್ಯರು ಅದರ ಮೇಲೆ ಕುಣಿಯುತ್ತಲೂ ಇದ್ದರು.

ಸ್ವಭಾವಗಳನ್ನು ತಂದು ಕೂರಿಸಿದ್ದು ಬೊಲಿವಿಯಾ ಮೂಲದ ಆಸ್ಕರ್ ಇಚಾಜೊ. 1970ರಲ್ಲಿ ಚಿಲಿ ದೇಶದ ಅರಿಕಾ ಎಂಬ ಊರಿನಲ್ಲಿ ಅವರು ನಡೆಸಿದ ಶಿಬಿರಕ್ಕೆ ಕ್ಲಾಡಿಯೊ ನರಾಂಜೊ ಎಂಬ ಮನೋವೈದ್ಯರು ಹೋಗಿದ್ದರು. ಅವರು ಅದನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದರು, ಮನೋವಿಜ್ಞಾನದ ಭಾಷೆ ಸೇರಿಸಿದರು. ಅಲ್ಲಿಂದ ಜೆಸ್ಯೂಯಿಟ್ ಪಾದ್ರಿಗಳ ಮೂಲಕ ಚರ್ಚುಗಳಿಗೆ ಹರಡಿತು. ಆಮೇಲೆ ಕಂಪನಿಗಳಿಗೆ ಬಂತು. ಒಂಬತ್ತು ಸ್ವಭಾವಗಳ ವಿವರಣೆ ಬಹುಪಾಲು ತನ್ನ ಕೈ ತಾನಾಗಿಯೇ ಬರೆಯುತ್ತಾ ಹೋದಾಗ ಬಂದದ್ದು ಅಂತ ನರಾಂಜೊ ಅವರೇ ಇಳಿವಯಸ್ಸಿನಲ್ಲಿ ಹೇಳಿಕೊಂಡರು. ಇದು ಸಾವಿರಾರು ವರ್ಷದ ಸೂಫಿ ಜ್ಞಾನ ಅಂತ ಶಿಬಿರದಲ್ಲಿ ಯಾರಾದರೂ ಹೇಳಿದರೆ ಈ ಮಾತನ್ನು ನೆನಪಿಟ್ಟುಕೊಳ್ಳಿ. ವ್ಯವಸ್ಥೆಗೆ ನನ್ನ ಅಮ್ಮನಷ್ಟೂ ವಯಸ್ಸಾಗಿಲ್ಲ.

ಸರಿ, ಒಂಬತ್ತು ಯಾವುವು? ಪ್ರತಿ ನಂಬರಿಗೂ ಒಂದು ಒಳಗಿನ ತೊಡಕು ಇರುತ್ತದೆ. ಒಂದಕ್ಕೆ ಸಿಟ್ಟು: ಎಲ್ಲವೂ ಸರಿಯಾಗಿರಬೇಕು, ಆದರೆ ಯಾವುದೂ ಸರಿಯಿಲ್ಲ. ಎರಡಕ್ಕೆ ಹೆಮ್ಮೆ: ನಾನಿಲ್ಲದಿದ್ದರೆ ಇವರ ಗತಿ ಏನು? ಮೂರಕ್ಕೆ ವೇಷ: ಗೆದ್ದವನ ಹಾಗೆ ಕಾಣಲೇಬೇಕು. ನಾಲ್ಕಕ್ಕೆ ಹೊಟ್ಟೆಕಿಚ್ಚು: ಎಲ್ಲರಿಗೂ ಇರುವ ಏನೋ ಒಂದು ನನಗೆ ಮಾತ್ರ ಸಿಗಲಿಲ್ಲ. ಐದಕ್ಕೆ ಜಿಪುಣತನ, ದುಡ್ಡಿನದ್ದಲ್ಲ, ಸಮಯದ್ದು, ಮಾತಿನದ್ದು, ತನ್ನನ್ನು ತಾನು ಕೊಟ್ಟುಕೊಳ್ಳುವುದರದ್ದು. ಆರಕ್ಕೆ ಭಯ, ಆದ್ದರಿಂದ ನಂಬಬಹುದಾದ ಒಂದು ಆಸರೆ ಬೇಕು. ಏಳಕ್ಕೆ ಹೊಟ್ಟೆಬಾಕತನ: ಒಂದು ಮುಗಿಯುವ ಮೊದಲೇ ಇನ್ನೊಂದು. ಎಂಟಕ್ಕೆ ಎಲ್ಲದರಲ್ಲೂ ಅತಿ, ಹಿಡಿತ ತನ್ನ ಕೈಯಲ್ಲೇ ಇರಬೇಕು. ಒಂಬತ್ತಕ್ಕೆ ಸೋಮಾರಿತನ, ಮೈಯದ್ದಲ್ಲ, ತನಗೇನು ಬೇಕು ಅಂತ ಯೋಚಿಸುವುದರ ಸೋಮಾರಿತನ. ಜಗಳವೊಂದು ಬೇಡ, ಅಷ್ಟೇ.

ಓದುತ್ತಿದ್ದರೆ ಅರಿಷಡ್ವರ್ಗ ನೆನಪಾಗುತ್ತದೆ, ಅಲ್ವಾ? ಕ್ರೋಧ ಒಂದರಲ್ಲಿದೆ. ಮದ ಎರಡರಲ್ಲಿ, ಮಾತ್ಸರ್ಯ ನಾಲ್ಕರಲ್ಲಿ, ಲೋಭ ಐದರಲ್ಲಿ. ಕಾಮವನ್ನು ಎಂಟರಲ್ಲಿ ಕೂರಿಸಬಹುದು. ಮೋಹಕ್ಕೆ ಮಾತ್ರ ಸೀಟು ಸಿಗುವುದಿಲ್ಲ. ಭಯ, ವೇಷ, ಸೋಮಾರಿತನ ನಮ್ಮ ಪಟ್ಟಿಯಲ್ಲಿಲ್ಲ. ಎನಿಯಾಗ್ರಾಮ್‌ನ ಒಂಬತ್ತು ಬಂದಿದ್ದು ಕ್ರೈಸ್ತರ ಏಳು ಮಹಾಪಾಪಗಳಿಗೆ ಭಯ ಮತ್ತು ವೇಷ ಎರಡನ್ನು ಸೇರಿಸಿ. ಆದರೆ ದೊಡ್ಡ ವ್ಯತ್ಯಾಸ ಪಟ್ಟಿಯದ್ದಲ್ಲ. ನಮ್ಮ ದಾಸರ ಪದಗಳಲ್ಲಿ ಆರು ವೈರಿಗಳೂ ಒಬ್ಬನೊಳಗೇ ಇರುತ್ತವೆ, ಆರನ್ನೂ ಗೆಲ್ಲಬೇಕು. ಎನಿಯಾಗ್ರಾಮ್ ಪ್ರಕಾರ ಒಂಬತ್ತರಲ್ಲಿ ಒಂದು ಮಾತ್ರ ನಿಮ್ಮ ಮುಖ್ಯ ತೊಡಕು. ಚಿಕ್ಕಂದಿನಲ್ಲಿ ಅಂಟಿಕೊಂಡಿದ್ದು ಸಾಯುವ ತನಕ ಬದಲಾಗುವುದಿಲ್ಲ.

ಇಲ್ಲಿ ಇನ್ನೊಂದು ಮುಖ್ಯ ನಿಯಮ ಇದೆ. ನೀವು ಏನು ಮಾಡಿದಿರಿ ಎಂಬುದರಿಂದ ನಂಬರ್ ತಿಳಿಯುವುದಿಲ್ಲ, ಯಾಕೆ ಮಾಡಿದಿರಿ ಎಂಬುದರಿಂದ ತಿಳಿಯುತ್ತದೆ. ನಮ್ಮ ಕಡೆ ಮದುವೆ ಮನೆಗಳಲ್ಲಿ ರಾತ್ರಿಯಿಡೀ ಓಡಾಡಿ ಕೆಲಸ ಮಾಡುವ ಮೂವರನ್ನು ನೆನಪಿಸಿಕೊಳ್ಳಿ. ಒಬ್ಬರು ಓಡಾಡುವುದು ಬೇರೆಯವರು ಮಾಡಿದರೆ ಹಾಳು ಮಾಡುತ್ತಾರೆ ಅಂತ. ಎರಡನೆಯವರು, ನಾಳೆ ಎಲ್ಲರೂ ‘ಅವರಿಲ್ಲದಿದ್ದರೆ ಆಗುತ್ತಿರಲಿಲ್ಲ’ ಅನ್ನಲಿ ಅಂತ. ಮೂರನೆಯವರಿಗೆ ‘ಆಗಲ್ಲ’ ಅಂತ ಹೇಳಿ ಗೊತ್ತೇ ಇಲ್ಲ. ಹೊರಗಿನಿಂದ ನೋಡಿದರೆ ಮೂವರೂ ಒಂದೇ. ಎನಿಯಾಗ್ರಾಮ್ ಪ್ರಕಾರ ಒಂದು, ಎರಡು, ಒಂಬತ್ತು. ನನಗೆ ಈ ವಿದ್ಯೆಯಲ್ಲಿ ಇಷ್ಟವಾದ ಭಾಗ ಇದೇ. ಮಾಡಿದ್ದನ್ನೂ ಮಾಡಿದ ಕಾರಣವನ್ನೂ ಬಿಡಿಸಿ ನೋಡಲು ಕಲಿಸುತ್ತದೆ.

ಇದನ್ನು ಜ್ಯೋತಿಷ್ಯದ ಜೊತೆ ಬೆರೆಸಬಾರದು. ಕೊಡಗಿನವರಿಗೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಅಮ್ಮಂಗೇರಿ ಜ್ಯೋತಿಷ್ಯರು ಪುತ್ತರಿಯ ಮುಹೂರ್ತ ಇಡುತ್ತಾರೆ. ರೋಹಿಣಿ ನಕ್ಷತ್ರ ನೋಡಿ, ನೆರೆ (ಎಲೆಗಳ ಕಟ್ಟು) ಕಟ್ಟುವುದು ಎಷ್ಟು ಗಂಟೆಗೆ, ಕದಿರು (ಭತ್ತದ ತೆನೆ) ತೆಗೆಯುವುದು ಎಷ್ಟು ಗಂಟೆಗೆ ಅಂತ ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ನಂಬುವುದು ಬಿಡುವುದು ಬೇರೆ ಮಾತು. ಆದರೆ ಅಲ್ಲಿ ಆಕಾಶ ಇದೆ, ಪಂಚಾಂಗ ಇದೆ, ಲೆಕ್ಕ ಇದೆ. ಎರಡು ಜನ ಕೂತು ಲೆಕ್ಕ ಹಾಕಿದರೆ ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವುದರಲ್ಲಿ ಜಗಳ ಬರುವುದಿಲ್ಲ. ಎನಿಯಾಗ್ರಾಮ್‌ನಲ್ಲಿ ಹುಟ್ಟಿದ ದಿನ, ಗಳಿಗೆ ಯಾವುದೂ ಬೇಡ. ಚಿತ್ರ ಅಷ್ಟೊಂದು ಗಣಿತದ ಹಾಗೆ ಕಂಡರೂ ಲೆಕ್ಕ ಹಾಕಲು ಒಳಗೆ ಏನೂ ಇಲ್ಲ. ಕೊನೆಗೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಕಥೆ ಕೇಳಿ ‘ನೀನು ಇಂಥವನು’ ಅನ್ನಬೇಕು. ಒಳ್ಳೆಯ ಗುರುಗಳು ಅದನ್ನೂ ಅನ್ನುವುದಿಲ್ಲ, ನಿಮ್ಮ ನಂಬರನ್ನು ನೀವೇ ಹುಡುಕಿಕೊಳ್ಳಬೇಕು ಅನ್ನುತ್ತಾರೆ. ಅದೇ ಗುರುಗಳ ಪುಸ್ತಕಗಳ ಕೊನೆಯಲ್ಲಿ ಹೆಸರಾಂತ ಗಾಯಕರು, ನಟರು, ರಾಜಕಾರಣಿಗಳ ನಂಬರ್ ಪಟ್ಟಿ ಮಾತ್ರ ಧಾರಾಳವಾಗಿ ಇರುತ್ತದೆ!

ಇನ್ನೊಂದು ಚೂರು ತಾಂತ್ರಿಕ ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪ್ರತಿ ನಂಬರಿಗೂ ಅಕ್ಕಪಕ್ಕದ ಎರಡು ನಂಬರ್‌ಗಳು ರೆಕ್ಕೆಗಳು. ನಾಲ್ಕಕ್ಕೆ ಮೂರು ಮತ್ತು ಐದು. ಜೊತೆಗೆ ಒಳಗಿನ ಗೆರೆಗಳಿವೆ. ನಾಲ್ಕರವರು ಒತ್ತಡದಲ್ಲಿ ಎರಡರ ಹಾಗೆ ನಡೆದುಕೊಳ್ಳುತ್ತಾರೆ, ನೆಮ್ಮದಿಯಲ್ಲಿ ಒಂದರ ಹಾಗೆ. ಈಗ ಎಣಿಸಿ. ನಾಲ್ಕು ಅಂದ ಕೂಡಲೇ 1, 2, 3, 4, 5 ಎಲ್ಲವೂ ಕೈಗೆ ಬಂದವು. ಬೇರೆ ಯಾವ ನಂಬರ್ ಹಿಡಿದರೂ ಹಾಗೆಯೇ. ಚಿತ್ರ ಇಟ್ಟುಕೊಂಡು ನೀವೇ ನೋಡಿ. ಒಂದು ನಂಬರಿಗೆ ಎರಡು ರೆಕ್ಕೆ, ಎರಡು ಗೆರೆ, ಒಟ್ಟು ಒಂಬತ್ತರಲ್ಲಿ ಐದು ಸ್ವಭಾವಗಳು ನಿಯಮದ ಒಳಗೇ ಸಿಗುತ್ತವೆ. ನಿಮ್ಮ ಊಹೆಗೆ ಹೊಂದದ ಘಟನೆ ಬಂದರೆ ‘ಅದು ರೆಕ್ಕೆ’ ಅನ್ನಬಹುದು, ‘ಆಗ ಒತ್ತಡ ಇತ್ತು’ ಅನ್ನಬಹುದು. ವಾದದಲ್ಲಿ ಸೋಲುವುದು ಕಷ್ಟ.

ಈಗ ಗಂಗೂಬಾಯಿಯವರಿಗೆ ಬರೋಣ.

ಹುಟ್ಟಿದ್ದು 1913ರ ಮಾರ್ಚ್ 5, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡು ಕೇಳಲು ಹಿಂದುಸ್ತಾನಿಯ ಕಿರಾಣಾ ಘರಾಣೆಯ (ಗುರು-ಶಿಷ್ಯ ಪರಂಪರೆಯ) ಅಬ್ದುಲ್ ಕರೀಂ ಖಾನರೇ ಬರುತ್ತಿದ್ದರು. ಹಾಡುವ ಹೆಣ್ಣುಮಕ್ಕಳ ಮನೆತನ ಅಂದರೆ ಆಗಿನ ಊರಿನ ಕಣ್ಣಿನಲ್ಲಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವರಿದ್ದಾಗ ಪಕ್ಕದ ಶ್ರೀಮಂತರ ತೋಟದಲ್ಲಿ ಮಾವಿನಹಣ್ಣು ಕಿತ್ತಾಗ ಅವರಿಗೆ ಬೈಗುಳ ಬಿತ್ತು. ಕದ್ದಿದ್ದಕ್ಕಿಂತ ಹೆಚ್ಚಾಗಿ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳು ಅನ್ನುವುದಕ್ಕೆ. ಮುಂದೆ ಹೆಸರು ಬಂದ ಮೇಲೆ ಅದೇ ಮನೆಯವರು ಊಟಕ್ಕೆ ಕರೆದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು.

ಮಗಳು ಹಿಂದುಸ್ತಾನಿ ಕಲಿಯಲಿ ಅಂತ ಮನೆಯವರು 1928ರಲ್ಲಿ ಹುಬ್ಬಳ್ಳಿಗೆ ಬಂದರು. ಮಗಳ ಕಿವಿಯಲ್ಲಿ ಎರಡು ಪದ್ಧತಿ ಕಲಸಿಹೋಗಬಾರದು ಅಂತ ತಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ಬಿಟ್ಟರು. ಹದಿನಾರಕ್ಕೆ ಮದುವೆ, ಗಂಡ ವಕೀಲ ಗುರುರಾವ್ ಕೌಲಗಿ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮನೆಯ ಖರ್ಚಿನ ಭಾರ ಬಹುಪಾಲು ಇವರ ಹಾಡಿನ ಮೇಲೆ ಬಿತ್ತು. ಗುರು ಸವಾಯಿ ಗಂಧರ್ವರು. ಕುಂದಗೋಳದಲ್ಲಿದ್ದ ಗುರುಗಳ ಮನೆಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ಸಂಜೆ ಮರಳುತ್ತಿದ್ದರು. ಆಗ ಗುರುಗಳ ಮನೆಯಲ್ಲಿ ಶಿಷ್ಯನಾಗಿದ್ದ ಭೀಮಸೇನ ಜೋಶಿಯವರು ಇವರನ್ನು ಸ್ಟೇಷನ್ ತನಕ ಬಿಟ್ಟು ಬರುತ್ತಿದ್ದರು. ನಂತರ ಗಂಟಲಿಗೆ ಟಾನ್ಸಿಲ್ ಚಿಕಿತ್ಸೆಯಾಗಿ ಧ್ವನಿ ಪೂರ್ತಿ ಬದಲಾಯಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ನಮ್ಮ ಪಕ್ಕದ ಮೈಸೂರಿನಲ್ಲೇ ಇದೆ.

ಆ ರೈಲು ಪ್ರಯಾಣವನ್ನೇ ತೆಗೆದುಕೊಳ್ಳಿ. ಮನೆ, ಮಕ್ಕಳು ಇರುವ ಹೆಂಗಸು, 1930ರ ದಶಕದ ಕೊನೆ, ಪಾಠಕ್ಕಾಗಿ ರೈಲು ಹತ್ತಿ ಇನ್ನೊಂದು ಊರಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಿದ್ದಾಳೆ. ಯಾಕೆ?

‘ಎರಡು’ ಅಂದವರ ಉತ್ತರ: ಕಲಿತರೆ ಕಛೇರಿ, ಕಛೇರಿ ಇದ್ದರೆ ಮನೆ ನಡೆಯುತ್ತದೆ. ಎಲ್ಲರ ಹೊಟ್ಟೆ ತುಂಬಿಸುವ ಹೊಣೆ ಹೊತ್ತವರು ಅವರು. ತಾಯಿ ತನಗಾಗಿ ಬಿಟ್ಟಿದ್ದನ್ನು ತೀರಿಸುವ ಋಣವೂ ಇದೆ. ‘ನಾಲ್ಕು’ ಅಂದವರ ಉತ್ತರ: ತೋಟದಿಂದ ಓಡಿಸಿಕೊಂಡ ಹುಡುಗಿ, ಬೇರೆಯವರಿಗೆ ಹುಟ್ಟಿನಿಂದ ಸಿಕ್ಕಿದ ಮರ್ಯಾದೆ ತನಗಿಲ್ಲ ಎಂಬ ನೋವನ್ನು ಸ್ವರದಲ್ಲಿ ಕರಗಿಸಲು ಹೊರಟಿದ್ದಾಳೆ. ಮಾರ್ವಾದ ಆ ಕೋಮಲ ರಿಷಭದಲ್ಲಿ ಬೇರೆ ಏನಿದೆ ಹೇಳಿ? ‘ಆರು’ ಅಂದವರ ಉತ್ತರ: ಗುರುಭಕ್ತಿ. ಒಬ್ಬ ಗುರು, ಒಂದು ಘರಾಣೆ, ಕೊನೆಯವರೆಗೂ ಅದೇ ದಾರಿ. ನಂಬಿದ ಆಸರೆಯನ್ನು ಬಿಡದ ಸ್ವಭಾವ. ನಾನು ಚೇಷ್ಟೆಗೆ ‘ಒಂದು’ ಅಂತಲೂ ವಾದಿಸಿದೆ. ಮೊದಲು ಭಜನೆ, ಠುಮ್ರಿಯಂಥ ಹಗುರ ಹಾಡು ಹಾಡುತ್ತಿದ್ದವರು 1945ರ ನಂತರ ಅವನ್ನು ಬಿಟ್ಟು ಶುದ್ಧ ರಾಗಗಳನ್ನಷ್ಟೇ ಹಾಡಿದರು. ಸರಿಯಾದ್ದನ್ನು ಮಾತ್ರ ಮಾಡಬೇಕು ಎನ್ನುವ ಹಟ. ಒಂದರ ಲಕ್ಷಣ ಇನ್ನೇನು?

ನಾಲ್ಕೂ ಓದುಗಳು ಹೊಂದುತ್ತವೆ. ರೈಲು ಹತ್ತಿದ್ದು ದಾಖಲೆಯಲ್ಲಿದೆ. ರೈಲಿನಲ್ಲಿ ಕೂತಾಗ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಇಲ್ಲ. ಎನಿಯಾಗ್ರಾಮ್ ಕೇಳುವುದು ಆ ಎರಡನೆಯದನ್ನೇ. ಹಾಗಾಗಿ ಖಾಲಿ ಜಾಗವನ್ನು ಕೇಳುವವರು ತುಂಬುತ್ತಾರೆ. ನಮ್ಮ ಗುಂಪಿನಲ್ಲಿ ಎರಡು ಅಂದವರು ತಾವೇ ದೊಡ್ಡ ಸಂಸಾರದ ನೊಗ ಹೊತ್ತವರು ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಇದಕ್ಕಿಂತ ಸ್ವಾರಸ್ಯವಾದ ಒಂದು ಸಂಗತಿ ಇದೆ. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಸ್ವರವನ್ನು ಎಣಿಸಿ ಎಣಿಸಿ ಬಳಸಬೇಕು, ಆಗ ಕೇಳುವವರಿಗೆ ರಾಗದ ಒಂದೊಂದು ಎಳೆಯ ಬೆಲೆಯೂ ತಿಳಿಯುತ್ತದೆ. ಗುರುಗಳು ತನಗೆ ಹೀಗೆ ಕಲಿಸಿದರು ಅಂತ ಗಂಗೂಬಾಯಿ ಹೇಳುತ್ತಿದ್ದರು. ಎನಿಯಾಗ್ರಾಮ್ ಓದಿದವರ ಕಿವಿ ಇಲ್ಲಿ ನೆಟ್ಟಗಾಗುತ್ತದೆ. ಜಿಪುಣತನ ಐದರ ತೊಡಕಲ್ಲವಾ! ಹಾಡು ಕೇಳಿದರೂ ಹೌದೆನಿಸುತ್ತದೆ. ಷಡ್ಜದಿಂದ ರಿಷಭಕ್ಕೆ ಬರಲು ಅವರಿಗೆ ಏನೂ ಅವಸರವಿಲ್ಲ. ಒಂದು ಸ್ವರವನ್ನು ಹಿಡಿದು, ಅದರ ಮೇಲೆ ಭಾರ ಹಾಕಿ, ಅದು ನಿಂತಿತು ಅಂತ ಖಾತ್ರಿಯಾದ ಮೇಲೇ ಮುಂದಿನದು. ತಾನ್‌ಗಳ (ವೇಗದ ಸ್ವರಗುಚ್ಛಗಳ) ಸುರಿಮಳೆ ಬೇಗ ಬರುವುದಿಲ್ಲ. ಹಾಗಾದರೆ ಅವರು ಐದೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮಾತು ಗುರುಗಳದ್ದು. ಆ ಗುರುಗಳು ಕಲಿತದ್ದು ಅಬ್ದುಲ್ ಕರೀಂ ಖಾನರಿಂದ. ರಾಗವನ್ನು ನಿಧಾನವಾಗಿ, ಸ್ವರ ಸ್ವರವಾಗಿ ಬಿಚ್ಚುವುದು ಕಿರಾಣಾ ಘರಾಣೆಯ ಗುರುತೇ. ಅದೇ ಮನೆಯಲ್ಲಿ ಅದೇ ಪಾಠ ಕಲಿತ ಭೀಮಸೇನ ಜೋಶಿಯವರೂ ಆಲಾಪವನ್ನು ಹಾಗೇ ಕಟ್ಟುತ್ತಾರೆ. ಅವರನ್ನು ಯಾರೂ ಜಿಪುಣ ಸ್ವಭಾವದವರು ಅನ್ನಲಾರರು. ಗುಡುಗಿದ ಹಾಗೆ ತಾನ್ ಹೊಡೆಯುವ ಮನುಷ್ಯ! ಅಂದರೆ ನಾವು ‘ಸ್ವಭಾವ’ ಅಂತ ಓದುತ್ತಿರುವುದು ಎಷ್ಟೋ ಸಲ ತಾಲೀಮು. ಗುರು ಬೆರಳು ಮಡಚಿ ಕಲಿಸಿದ್ದು, ಶಿಷ್ಯೆ ವರ್ಷಗಟ್ಟಲೆ ತಿದ್ದಿಕೊಂಡಿದ್ದು. ಅದನ್ನು ಚಿಕ್ಕಂದಿನ ಗಾಯದಿಂದ ಹುಟ್ಟಿದ ತೊಡಕು ಅಂದರೆ ಕಲಿಸಿದವರ ಶ್ರಮಕ್ಕೂ ಕಲಿತವರ ಶ್ರಮಕ್ಕೂ ಮೋಸ. ಹಾಗೆ ನೋಡಿದರೆ ಎನಿಯಾಗ್ರಾಮ್ ಪಟ್ಟಿಯಲ್ಲಿ ಪಾಪವಾಗಿರುವ ಒಂದು ಗುಣ ಕುಂದಗೋಳದ ಪಾಠದ ಕೋಣೆಯಲ್ಲಿ ಪುಣ್ಯವಾಗಿತ್ತು.

ಧ್ವನಿಯ ಕಥೆಯೂ ಹಾಗೆಯೇ. ಮೊದಮೊದಲಿನ ಗ್ರಾಮಫೋನ್ ರೆಕಾರ್ಡುಗಳಲ್ಲಿ ಅವರ ಹೆಸರು ಗಾಂಧಾರಿ. ಧ್ವನಿ ತೆಳ್ಳಗೆ, ಎತ್ತರದ ಸ್ಥಾಯಿಯಲ್ಲಿ ಸಲೀಸಾಗಿ ಓಡುತ್ತದೆ. ನಂತರದ ರೆಕಾರ್ಡಿಂಗ್ ಕೇಳಿದರೆ ಇನ್ನೊಬ್ಬರೇ ಹಾಡುತ್ತಿದ್ದಾರೆ ಅನಿಸುತ್ತದೆ. ಗಂಡಸಿನದ್ದೋ ಹೆಂಗಸಿನದ್ದೋ ಅಂತ ಮೊದಲ ಸಲ ಕೇಳುವವರು ಗೊಂದಲಪಡುವಷ್ಟು ಗಡುಸು. ನಮ್ಮ ಕೂಟಕ್ಕೆ ಹೊಸದಾಗಿ ಬಂದ ಹುಡುಗನೊಬ್ಬ ಹಾಗೇ ಕೇಳಿದ್ದ. ಈ ಗಡಸು ಧ್ವನಿ ಕೇಳಿದವರು ‘ಎಂಟು’ ಅಂತ ಹೇಳಲು ತುದಿಗಾಲಲ್ಲಿ ನಿಂತಿರುತ್ತಾರೆ. ಶಕ್ತಿ, ಹಿಡಿತ, ಯಾರಿಗೂ ಬಗ್ಗದ ಗತ್ತು. ಆದರೆ ಅದರ ಹಿಂದೆ ಇರುವುದು ಟಾನ್ಸಿಲ್ ಚಿಕಿತ್ಸೆ. ಆಸ್ಪತ್ರೆಯಿಂದ ಹೊರಗೆ ಬಂದಾಗ ಸಿಕ್ಕಿದ ಧ್ವನಿಯನ್ನು ಬಿಸಾಡದೆ, ಹಳೆಯದರ ಹಾಗೆ ಹಾಡಲು ಹೆಣಗದೆ, ಅದಕ್ಕೆ ತಕ್ಕ ಗಾಯನ ಕಟ್ಟಿಕೊಂಡರು. ಇಲ್ಲಿ ನನಗೆ ವ್ಯಕ್ತಿತ್ವ ಕಾಣುತ್ತದೆ. ಧ್ವನಿಯಲ್ಲಲ್ಲ, ಬದಲಾದ ಧ್ವನಿಯ ಜೊತೆ ಅವರು ನಡೆದುಕೊಂಡ ರೀತಿಯಲ್ಲಿ. ಇದು ಯಾವ ನಂಬರ್ ಅಂತ ಕೇಳಿದರೆ ಒಂಬತ್ತರಲ್ಲಿ ಯಾವುದಕ್ಕೂ ಇದು ಸ್ವಂತದ್ದಲ್ಲ.

ಇನ್ನು ಜಾತಿ ಮತ್ತು ಹೆಣ್ಣುತನದ ಪ್ರಶ್ನೆ. ನನ್ನ ಮಟ್ಟಿಗೆ ಈ ವಿದ್ಯೆ ಸೋಲುವುದು ಇಲ್ಲೇ. ಗಂಡು ಗಾಯಕ ಮುಸ್ಲಿಮನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ ಆಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಅಂತ ಗಂಗೂಬಾಯಿ ಹೇಳಿದ್ದು ಪ್ರಸಿದ್ಧ. ಇದನ್ನು ನಾಲ್ಕರ ಹೊಟ್ಟೆಕಿಚ್ಚು ಅಂತ ಓದಬಹುದು. ಒಂದರ ಸಿಟ್ಟು ಅಂತಲೂ ಓದಬಹುದು. ಓದಿದ ಕೂಡಲೇ ಅನ್ಯಾಯ ಅವರ ಒಳಗಿನ ತೊಡಕಾಗಿಬಿಡುತ್ತದೆ. ಅವರು ಹೇಳುತ್ತಿರುವುದು ಹೊರಗಿನ ಜಗತ್ತಿನ ಬಗ್ಗೆ, ಅದೂ ನಿಜವನ್ನೇ! ಮಾವಿನ ತೋಟದಲ್ಲಿ ಆ ಹುಡುಗಿಗೆ ಆದದ್ದು ಅವಳ ಸ್ವಭಾವದಿಂದ ಆದದ್ದಲ್ಲ. ಕೊಡಗಿನಲ್ಲಿ ಹೊಸಬರು ಸಿಕ್ಕರೆ ನಾವು ಮೊದಲು ಕೇಳುವುದು ಯಾವ ಊರು, ಯಾವ ಮನೆ ಅಂತ. ಐನ್‌ಮನೆಯ (ಮನೆತನದ ಮೂಲ ಮನೆಯ) ಹೆಸರು ಹೇಳಿದ ಕೂಡಲೇ ಎದುರಿಗಿದ್ದವರ ಮಾತಿನ ಧಾಟಿ ಬದಲಾಗುವುದನ್ನು ಇಲ್ಲಿ ಹುಟ್ಟಿದ ಯಾರೂ ನೋಡದೆ ಇಲ್ಲ. ಮನೆತನದ ಹೆಸರು ಒಬ್ಬರಿಗೆ ಬಾಗಿಲು ತೆಗೆಯುತ್ತದೆ, ಇನ್ನೊಬ್ಬರಿಗೆ ಮುಚ್ಚುತ್ತದೆ. ಆ ಬಾಗಿಲಿನ ಎದುರು ನಿಂತವರ ಸಿಟ್ಟನ್ನು ನಂಬರ್ ಹಾಕಿ ಫೈಲಿಗೆ ಸೇರಿಸುವುದು ಬಾಗಿಲು ಮುಚ್ಚಿದವರಿಗೆ ತುಂಬಾ ಅನುಕೂಲ.

ಹಾಗಾದರೆ ಜನ ಯಾಕೆ ‘ಅಯ್ಯೋ, ಇದು ನಾನೇ’ ಅನ್ನುತ್ತಾರೆ? ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಪ್ರತಿಯೊಬ್ಬರಿಗೂ ಅವರವರ ವ್ಯಕ್ತಿತ್ವದ ವರದಿ ಅಂತ ಒಂದು ಹಾಳೆ ಹಂಚಿದ. ಎಷ್ಟು ಹೊಂದುತ್ತದೆ ಅಂತ 5ಕ್ಕೆ ಅಂಕ ಕೊಡಿ ಅಂದ. ಸರಾಸರಿ ಸುಮಾರು 4.3 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ. ಎನಿಯಾಗ್ರಾಮ್ ಅಷ್ಟೊಂದು ಸಡಿಲ ಅಲ್ಲ ಅನ್ನಬೇಕು. ಅದರ ವಿವರಣೆಗಳು ಹೊಗಳುವುದಿಲ್ಲ, ಚುಚ್ಚುತ್ತವೆ. ‘ನೀನು ಸಹಾಯ ಮಾಡುವುದು ನಿನ್ನ ಹೆಮ್ಮೆಗಾಗಿ’ ಅಂತ ಓದಿ ಅತ್ತವರನ್ನು ನಾನೇ ನೋಡಿದ್ದೇನೆ. ಆದರೂ ಮುಖ್ಯವಾಹಿನಿಯ ಮನೋವಿಜ್ಞಾನ ಅದನ್ನು ಒಪ್ಪಿಕೊಂಡಿಲ್ಲ. ಅಲ್ಲಿ ಬಳಸುವುದು ಐದು ಗುಣಗಳ ಅಳತೆ. ಅದರಲ್ಲಿ ಯಾರನ್ನೂ ಮನೆಗಳಲ್ಲಿ ಕೂರಿಸುವುದಿಲ್ಲ. ಪ್ರತಿ ಗುಣ ಜಾಸ್ತಿ ಇದೆಯೋ ಕಡಿಮೆ ಇದೆಯೋ ಅಂತ ಅಳೆಯುತ್ತಾರೆ. ನೋಡಲು ಸಪ್ಪೆ, ಊಟದ ಹೊತ್ತಿಗೆ ಮಾತಾಡಲು ಏನೂ ಸಿಗುವುದಿಲ್ಲ. ಶಿಬಿರದವರು ಅದನ್ನು ಮುಟ್ಟದಿರಲು ಅದೂ ಒಂದು ಕಾರಣ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಯಾರಾದರೂ ಗಂಗೂಬಾಯಿಯವರಿಗೆ ನಂಬರ್ ಹುಡುಕುತ್ತಾ ಕೂತರೆ ನಾನು ಬೇಡ ಅನ್ನುವುದಿಲ್ಲ. ಆ ಜಗಳ ಆಗದಿದ್ದರೆ ನಾವು ಗಾಂಧಾರಿ ಹೆಸರಿನ ರೆಕಾರ್ಡ್ ಹುಡುಕಿ ಕೇಳುತ್ತಿರಲಿಲ್ಲ. ಠುಮ್ರಿ ಬಿಟ್ಟಿದ್ದು ಯಾಕೆ ಅಂತ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನದು ಒಂದೇ ಷರತ್ತು. ನಂಬರ್ ಹೇಳುವವರು ಅದಕ್ಕೆ ಹೊಂದದ ಒಂದು ಘಟನೆಯನ್ನೂ ಹೇಳಬೇಕು. ರೆಕ್ಕೆ, ಗೆರೆ ಅಂತ ಜಾರಿಕೊಳ್ಳುವ ಹಾಗಿಲ್ಲ. ಈ ಷರತ್ತು ಹಾಕಿದ ಮೇಲೆ ‘ಎರಡು’ ಬೇಗ ಸುಸ್ತಾಯಿತು. ಮನೆಯ ಖರ್ಚೇ ಮುಖ್ಯವಾಗಿದ್ದರೆ, ಜನ ಬೇಗ ಮೆಚ್ಚುವ ಹಗುರ ಹಾಡುಗಳನ್ನು ಬಿಡುವುದು ಯಾಕೆ? ‘ನಾಲ್ಕು’ ಕೂಡ ಎಡವಿತು. ತನ್ನ ನೋವು ಎಲ್ಲರಿಗಿಂತ ಬೇರೆ ಅನ್ನುವವರು ‘ಬಾಯಿ’ ಮಾತಿನಲ್ಲಿ ತನ್ನ ಹೆಸರಿನ ಬದಲು ಕೇಸರಬಾಯಿ, ಮೋಗೂಬಾಯಿ ಹೆಸರು ಯಾಕೆ ಹಿಡಿಯುತ್ತಾರೆ? ‘ಆರು’ ಇನ್ನೂ ಉಸಿರಾಡುತ್ತಿದೆ.

ಆ ಹೊತ್ತಿಗೆ ಗುಂಪಿನಲ್ಲಿ ಒಬ್ಬರು ಕೃಷ್ಣಾ ಅವರ ಬಗ್ಗೆ ಕೇಳಿದರು. ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್. ದಶಕಗಳ ಕಾಲ ತಾಯಿಯ ಹಿಂದೆ ವೇದಿಕೆಯಲ್ಲಿ ಕೂತು ಸಹಗಾಯನ ಮಾಡಿದವರು. 2004ರಲ್ಲಿ ಕ್ಯಾನ್ಸರಿನಿಂದ ತಾಯಿಗಿಂತ ಮೊದಲೇ ತೀರಿಕೊಂಡರು. ಕಛೇರಿಯ ರೆಕಾರ್ಡಿಂಗ್‌ಗಳಲ್ಲಿ ತಾಯಿ ಸ್ವರ ಬಿಟ್ಟ ಕಡೆ ಇವರ ಧ್ವನಿ ಎತ್ತಿಕೊಳ್ಳುತ್ತದೆ. ಅದೇ ಮನೆ, ಅದೇ ಘರಾಣೆ, ಅದೇ ರಾಗಗಳು. ತಾಯಿಗೆ ಒಂದಲ್ಲ, ನಾಲ್ಕು ಬೇರೆ ಬೇರೆ ನಂಬರ್ ಕೊಟ್ಟು ಜಗಳವಾಡಿದ ನಾವು ಯಾರೂ ಮಗಳಿಗೆ ಒಂದನ್ನೂ ಹೇಳಲಾಗಲಿಲ್ಲ. ನಮಗೆ ಗೊತ್ತಿದ್ದ ಕಥೆಗಳೆಲ್ಲ ತಾಯಿಯವೇ ಆಗಿದ್ದವು. ಮುಂದಿನ ಸಲ ಸೇರಿದಾಗ ಇಬ್ಬರೂ ಕೂಡಿ ಹಾಡಿದ ಒಂದು ಕಛೇರಿ ಹಾಕಿ, ಮಗಳ ಧ್ವನಿ ಬರುವ ಕಡೆಗಳನ್ನು ಮಾತ್ರ ಗಮನವಿಟ್ಟು ಕೇಳೋಣ ಅಂತ ಮಾತಾಗಿದೆ.